ಬಣ್ಣ ಕಳಚುವ ಜಾಗ

2024ರ ಮಾರ್ಚ್ 19, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್ ಶುರುವಾಗುವ ಮುನ್ನ ಆರ್‌ಸಿಬಿ ತನ್ನ ಅಭಿಮಾನಿಗಳಿಗಾಗಿ ನಡೆಸಿದ ಹಬ್ಬದ ಸಂಜೆ. ವಿರಾಟ್ ಕೊಹ್ಲಿ ಕೈಗೆ ಮೈಕ್ ಬಂತು, ಆದರೆ ಮಾತಾಡಲು ಜನ ಬಿಡಲಿಲ್ಲ. ರಾತ್ರಿಯೇ ಚೆನ್ನೈಗೆ ವಿಮಾನ ಹತ್ತಬೇಕು, ಹೊತ್ತಿಲ್ಲ, ಸ್ವಲ್ಪ ಸುಮ್ಮನಿರಿ ಎಂದು ಕೇಳಿಕೊಂಡರು. ಕೂಗು ಒಂದಿಷ್ಟು ತಗ್ಗಿದ ಮೇಲೆ ಇನ್ನೊಂದು ಬೇಡಿಕೆ ಇಟ್ಟರು. ಆ ಪದದಿಂದ ನನ್ನನ್ನು ಕರೆಯಬೇಡಿ, ವಿರಾಟ್ ಅಂದರೆ ಸಾಕು, ನೀವು ಹಾಗೆ ಕರೆದಾಗಲೆಲ್ಲ ತುಂಬಾ ಮುಜುಗರವಾಗುತ್ತದೆ ಎಂದರು. ಆ ಪದ ‘ಕಿಂಗ್’.

ದೊಡ್ಡವರು ಹೀಗೆ ಹೇಳಿದಾಗ ಅದು ವಿನಯದ ಮಾತು ಎಂದು ನಾವು ನಕ್ಕು ಮುಂದೆ ಹೋಗುತ್ತೇವೆ. ಈ ಮಾತನ್ನು ಹಾಗೆ ಬಿಟ್ಟುಬಿಡಲು ನನಗೆ ಆಗಲಿಲ್ಲ. ಅದಕ್ಕೆ ಕಾರಣ 2022ರ ಅಕ್ಟೋಬರ್ ಕೊನೆಯಲ್ಲಿ ನಡೆದದ್ದು. ಟಿ20 ವಿಶ್ವಕಪ್ಪಿಗೆಂದು ಭಾರತ ತಂಡ ಆಸ್ಟ್ರೇಲಿಯಾದ ಪರ್ತ್‌ನಲ್ಲಿತ್ತು. ಕೊಹ್ಲಿ ಇಲ್ಲದ ಹೊತ್ತಿನಲ್ಲಿ ಅವರ ಹೋಟೆಲ್ ಕೋಣೆಗೆ ಯಾರೋ ಹೊಕ್ಕು, ಶೂಗಳು, ಬಟ್ಟೆಬರೆ, ತೆರೆದಿಟ್ಟ ಪೆಟ್ಟಿಗೆ ಎಲ್ಲವನ್ನೂ ವಿಡಿಯೊ ಮಾಡಿ ಹರಿಯಬಿಟ್ಟರು. ಅದರ ತಲೆಬರಹದಲ್ಲೂ ಅದೇ ‘ಕಿಂಗ್’. ಕೊಹ್ಲಿ ಆ ವಿಡಿಯೊವನ್ನು ತಾವೇ ಹಂಚಿಕೊಂಡು ನೋವು ತೋಡಿಕೊಂಡರು. ಮೆಚ್ಚಿನ ಆಟಗಾರರನ್ನು ನೋಡಿ ಜನ ಸಂಭ್ರಮಿಸುವುದು ತನಗೆ ಅರ್ಥವಾಗುತ್ತದೆ, ಆದರೆ ತನ್ನ ಕೋಣೆಯಲ್ಲೇ ಏಕಾಂತ ಇಲ್ಲವೆಂದಾದರೆ ಇನ್ನೆಲ್ಲಿ ಹುಡುಕಲಿ ಎಂಬುದು ಅವರ ಅಳಲಿನ ಸಾರ.

ಇನ್ನೆಲ್ಲಿ? ನಮ್ಮ ಕರಾವಳಿಯ ಯಕ್ಷಗಾನಕ್ಕೆ ಈ ಪ್ರಶ್ನೆಯ ಉತ್ತರ ಬಹಳ ಹಿಂದೆಯೇ ಗೊತ್ತಿತ್ತು. ಅದರ ಹೆಸರು ಚೌಕಿ.

ಬಯಲಾಟದ ಚೌಕಿ ಎಂದರೆ ಗದ್ದೆಯ ಬದಿಯಲ್ಲಿ ಕಟ್ಟಿದ ಚಪ್ಪರ, ಇಲ್ಲವೇ ಶಾಲೆಯ ಜಗಲಿ. ಬಣ್ಣದ ವೇಷದವನು ಅಲ್ಲಿ ಗಂಟೆಗಟ್ಟಲೆ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ಇಡುತ್ತಾನೆ. ರಂಗಸ್ಥಳಕ್ಕೆ ಹಾರಿದಾಗ ಅವನು ರಾವಣ. ಮುಂದಿನ ಸಾಲಿನ ಮಕ್ಕಳು ಹೆದರಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಬೆಳಗಿನ ಜಾವ ಭಾಗವತರು ಮಂಗಳ ಹಾಡಿದ ಮೇಲೆ ಅವನು ಅದೇ ಚೌಕಿಯಲ್ಲಿ ತೆಂಗಿನೆಣ್ಣೆ ಸವರಿ, ಹಳೇ ಬಟ್ಟೆಯಿಂದ ಮುಖ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ ಮೊದಲ ಬಸ್ಸಿಗೆ ನಿಲ್ಲುತ್ತಾನೆ. ರಾತ್ರಿ ಹೆದರಿ ಅತ್ತ ಮಗು ಪಕ್ಕದಲ್ಲೇ ನಿಂತಿದ್ದರೂ ಅವನನ್ನು ಗುರುತಿಸುವುದಿಲ್ಲ. ಯಕ್ಷಗಾನದಲ್ಲಿ ತಾರೆಗಳೇ ಇರಲಿಲ್ಲವೆಂದಲ್ಲ. ‘ತಾರಾಮೌಲ್ಯ’ ಎಂಬ ಮಾತೇ ಅಲ್ಲಿ ಚಾಲ್ತಿಯಲ್ಲಿದೆ. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ಕಾಲದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ಕೇಳಿಯೇ ಡೇರೆ ತುಂಬುತ್ತಿತ್ತು. ಆದರೂ ಆ ಕಲೆಯಲ್ಲಿ ಎಣ್ಣೆ ಬಟ್ಟೆ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತದೆ. ವೇಷಕ್ಕೆ ಬಂದ ಚಪ್ಪಾಳೆಯನ್ನು ವೇಷದ ಜೊತೆಗೇ ಕಳಚಿಡಬಹುದು.

ಸಿನಿಮಾದ ನಟನಿಗೆ ಈ ಅನುಕೂಲ ಸಿಗಲಿಲ್ಲ. ಗೋಡೆಯ ಪೋಸ್ಟರಿನಲ್ಲಿರುವ ಮುಖವನ್ನೇ ಹೊತ್ತುಕೊಂಡು ಅವನು ಮಗುವಿನ ಶಾಲೆಗೂ ಹೋಗಬೇಕು, ಆಸ್ಪತ್ರೆಗೂ ಹೋಗಬೇಕು, ಸ್ಮಶಾನಕ್ಕೂ ಹೋಗಬೇಕು. ಟೀವಿ ಬಂದ ಮೇಲೆ ಆಟಗಾರನ ಪಾಡೂ ಅದೇ ಆಯಿತು. ತಾರೆಯರು ಜನರ ಪ್ರೀತಿಯ ಬಗ್ಗೆ ಆಡುವ ಮಾತುಗಳಲ್ಲಿ ಕೃತಜ್ಞತೆ ಮತ್ತು ದಿಗಿಲು ಒಂದೇ ಉಸಿರಿನಲ್ಲಿ ಬರುವುದಕ್ಕೆ ಇದೇ ಕಾರಣ ಎಂದು ನನಗನಿಸುತ್ತದೆ. ಅವರಿಗೆ ಜನ ಬೇಕು. ಜೊತೆಗೆ ಬಣ್ಣ ಕಳಚಲು ಒಂದು ಜಾಗವೂ ಬೇಕು.

ಈ ಎರಡನ್ನೂ ಒಂದೇ ಬದುಕಿನಲ್ಲಿ ಹಿಡಿದಿಟ್ಟುಕೊಳ್ಳಲು ನಮ್ಮ ಕಣ್ಣೆದುರಿಗೆ ಎಲ್ಲರಿಗಿಂತ ಹೆಚ್ಚು ಹೆಣಗಿದವರು ರಾಜ್‌ಕುಮಾರ್. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ, ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಶಾಲೆ ಬೇಗ ಬಿಟ್ಟು ಗುಬ್ಬಿ ಕಂಪನಿಯ ಬಣ್ಣದ ಕೋಣೆಯಲ್ಲಿ ಬೆಳೆದವರು. ನಾಟಕ ಕಂಪನಿಯಲ್ಲಿ ರಾತ್ರಿ ರಾಜನಾಗಿ ಮೆರೆದವನು ಬೆಳಿಗ್ಗೆ ಎಲ್ಲರೊಂದಿಗೆ ಸಾಲು ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಆ ಪಾಠ ಅವರಿಗೆ ಎಳವೆಯಲ್ಲೇ ಆಗಿತ್ತು. 1954ರ ‘ಬೇಡರ ಕಣ್ಣಪ್ಪ’ ಬಂದು ಮುತ್ತುರಾಜ ಹಿಂದೆ ಸರಿದ, ರಾಜ್‌ಕುಮಾರ್ ಮುಂದೆ ಬಂದರು. 2000ದ ‘ಶಬ್ದವೇಧಿ’ಯವರೆಗೆ 200ಕ್ಕೂ ಹೆಚ್ಚು ಚಿತ್ರಗಳು.

ಅವರು ಸಭೆಗಳಲ್ಲಿ ಜನರನ್ನು ಕರೆಯುತ್ತಿದ್ದುದು ‘ಅಭಿಮಾನಿ ದೇವರುಗಳೇ’ ಎಂದು. ಕೇಳಿ ಕೇಳಿ ಅದು ನಮಗೆ ಸಲಿಗೆಯ ಮಾತಾಗಿಬಿಟ್ಟಿದೆ. ನಿಂತು ಯೋಚಿಸಿದರೆ ಅದೊಂದು ದೊಡ್ಡ ಪಲ್ಲಟ. ಜನ ನಟನನ್ನು ದೇವರು ಮಾಡಲು ಹೊರಟಾಗ ಅವರು ಆ ಪೀಠವನ್ನು ತಿರುಗಿಸಿ ಜನರ ಕಡೆಗೇ ಇಟ್ಟುಬಿಟ್ಟರು. ತಮಗೆ ಉಳಿಸಿಕೊಂಡದ್ದು ಅರ್ಚಕನ ಕೆಲಸ. ಅದು ಹಗುರವಾದ ಕೆಲಸವಲ್ಲ. ದೇವರ ಮುಂದೆ ಅರ್ಚಕ ಆಕಳಿಸುವಂತಿಲ್ಲ, ಇವತ್ತು ಮನಸ್ಸಿಲ್ಲ ಎಂದು ಗರ್ಭಗುಡಿಗೆ ಬೀಗ ಹಾಕಿ ಹೋಗುವಂತಿಲ್ಲ. 1982ರ ಗೋಕಾಕ್ ಚಳವಳಿಗೆ ಅವರು ಇಳಿದ ಮೇಲೆ ಊರೂರಿನಲ್ಲಿ ಜನ ಕಿಕ್ಕಿರಿದರು. ಭಾಷೆಯ ಹೋರಾಟಕ್ಕೆ ಒಂದು ಮುಖ ಸಿಕ್ಕಿತು. ಆ ಬಲವನ್ನು ಮತವಾಗಿಸಿಕೊಳ್ಳಲು ದಾರಿ ತೆರೆದೇ ಇತ್ತು, ಅವರು ಹೋಗಲಿಲ್ಲ. ಒಂದು ಚುನಾವಣೆಗೂ ನಿಲ್ಲಲಿಲ್ಲ. ಆ ಪ್ರೀತಿಯ ಭಾರ ಎಷ್ಟೆಂದು ಅದನ್ನು ಹೊತ್ತವರಿಗೇ ಗೊತ್ತಿತ್ತು, ಅದರ ಮೇಲೆ ಇನ್ನೊಂದು ಭಾರ ಹೇರಿಕೊಳ್ಳಲು ಅವರು ಒಪ್ಪಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಅವರಿಗೊಂದು ಚೌಕಿ ಇತ್ತು. ಅದು ಗಾಜನೂರು. ಬಿಳಿ ಪಂಚೆ ಬಿಳಿ ಅಂಗಿಯ ಆ ಮನುಷ್ಯ ಬೆಂಗಳೂರು ಬಿಟ್ಟು ಹೋಗುತ್ತಿದ್ದುದು ಹುಟ್ಟೂರಿನ ಮಣ್ಣಿಗೆ, ತೋಟಕ್ಕೆ, ಮುತ್ತುರಾಜ ಎಂದು ಬಲ್ಲವರ ನಡುವೆ. 2000ದ ಜುಲೈ 30ರ ಭಾನುವಾರ ರಾತ್ರಿ ಕಾಡುಗಳ್ಳ ವೀರಪ್ಪನ್ ಬಂದದ್ದು ಆ ಮನೆಗೇ. ಆಗ ಅವರಿಗೆ 71 ವರ್ಷ. ತಾರೆಯಾಗಿರದೆ ಇರಲು ಹೋಗಿದ್ದ ಜಾಗದಿಂದ ಅವರನ್ನು ತಾರೆ ಎಂಬ ಕಾರಣಕ್ಕೇ ಹೊತ್ತೊಯ್ದರು. ಎರಡು ಸರ್ಕಾರಗಳು ಬೇಡಿಕೆಗಳ ಪಟ್ಟಿ ಹಿಡಿದು ಕೂತವು, ಬೆಂಗಳೂರು ಬಾಗಿಲು ಹಾಕಿತು, ಕಾಡಿನಿಂದ ಸುದ್ದಿ ಬಂದಾಗಲೆಲ್ಲ ನಾಡು ಉಸಿರು ಬಿಗಿಹಿಡಿಯಿತು. 108 ದಿನ ಅವರು ಮರದ ಬುಡದಲ್ಲಿ, ಹರಿದಾಡುವ ಬಿಡಾರಗಳಲ್ಲಿ ಕಳೆದರು. ಮುಖಕ್ಕೆ ಬಣ್ಣವಿರಲಿಲ್ಲ, ಆದರೆ ಆ ಒತ್ತೆಯ ಬೆಲೆಯೆಲ್ಲ ಬಣ್ಣ ತಂದ ಹೆಸರಿನಲ್ಲೇ ಇತ್ತು. ನವೆಂಬರ್ 15ರಂದು ಅವರು ಹೊರಬಂದರು. ಆ ಮೇಲೆ ಅವರ ಹೊಸ ಚಿತ್ರ ಬರಲಿಲ್ಲ.

2006ರ ಏಪ್ರಿಲ್ 12ರಂದು ಅವರು ಹೋದಾಗ ಏನಾಯಿತೆಂದು ಬೆಂಗಳೂರಿನಲ್ಲಿದ್ದವರು ಮರೆತಿಲ್ಲ. ಕಲ್ಲು, ಬೆಂಕಿ, ಅಶ್ರುವಾಯು, ಗೋಲಿಬಾರ್. ಒಬ್ಬ ಪೊಲೀಸ್ ಸಿಬ್ಬಂದಿ ಸೇರಿ ಹಲವರ ಸಾವು. ದುಃಖವೇ ದಿಕ್ಕು ತಪ್ಪಿ ಓಡಿತ್ತು. ಮನೆಯವರಿಗೆ ನೆಮ್ಮದಿಯಿಂದ ಅಳಲು ಕೂಡ ಜಾಗ ಸಿಗಲಿಲ್ಲ. ಜೀವಮಾನವಿಡೀ ಜನರನ್ನು ದೇವರೆಂದು ಕರೆದವರ ಹೆಣದ ಸುತ್ತ ಅಂಥ ಹಿಂಸೆ ನಡೆದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಅಭಿಮಾನಿಯನ್ನು ಮೂಢ ಎಂದು ಬದಿಗೆ ಸರಿಸುವವರ ಸಾಲಿನಲ್ಲಿ ನಾನಿಲ್ಲ. ಕನ್ನಡದಲ್ಲಿ ‘ಅಭಿಮಾನ’ ಎಂಬ ಪದ ಎರಡು ಕಡೆ ಮುಖ ಮಾಡಿ ನಿಂತಿದೆ. ಒಬ್ಬರ ಮೇಲಿನ ಮೆಚ್ಚುಗೆಯೂ ಅಭಿಮಾನವೇ, ತನ್ನ ಬಗ್ಗೆ ತನಗಿರುವ ಮರ್ಯಾದೆಯೂ ಅಭಿಮಾನವೇ. ‘ಅಭಿಮಾನ ಬಿಟ್ಟು ಬಾಳಬೇಡ’ ಎಂದು ಹಿರಿಯರು ಹೇಳುವುದು ಎರಡನೆಯದನ್ನು. ದುಡಿದು ದಣಿದ ಹುಡುಗನೊಬ್ಬ ತೆರೆಯ ಮೇಲಿನವನಿಗೆ ಶಿಳ್ಳೆ ಹೊಡೆಯುವಾಗ ತನಗೆ ಎಲ್ಲೂ ಸಿಗದ ಆ ಎರಡನೆಯ ಅಭಿಮಾನವನ್ನೇ ಅಲ್ಲಿಂದ ಎರವಲು ತರುತ್ತಿರುತ್ತಾನೆ. ಕಟೌಟ್ ಎಷ್ಟು ಎತ್ತರವೋ ತಾನೂ ಅಷ್ಟು ಎತ್ತರ. ತಾರೆಗೆ ಇದು ಗೊತ್ತು. ಅನೇಕರು ಬಂದದ್ದೂ ಅಂಥ ಬೀದಿಗಳಿಂದಲೇ. ಹಾಗಾಗಿ ಅವರಿಗೆ ಆ ಪ್ರೀತಿಯನ್ನು ತಳ್ಳಲೂ ಆಗದು, ಪೂರ್ತಿ ಒಪ್ಪಿಕೊಳ್ಳಲೂ ಆಗದು.

ನಟ ಯಶ್ ಬಸ್ ಚಾಲಕರ ಮಗ. ‘ರಾಕಿಂಗ್ ಸ್ಟಾರ್’ ಎಂಬ ಪಟ್ಟ ಜನ ಕೊಟ್ಟದ್ದು. 2024ರ ಜನವರಿ 8ರ ಅವರ ಹುಟ್ಟುಹಬ್ಬಕ್ಕೆಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಹುಡುಗರು ರಾತ್ರೋರಾತ್ರಿ ಸುಮಾರು 25 ಅಡಿಯ ಕಟೌಟ್ ನಿಲ್ಲಿಸಲು ಹೊರಟರು. ಅದು ವಿದ್ಯುತ್ ತಂತಿಗೆ ತಗುಲಿತು. ಮೂವರು ಸತ್ತರು. ಯಶ್ ಅದೇ ದಿನ ಆ ಊರಿಗೆ ಹೋಗಿ, ಮಕ್ಕಳನ್ನು ಕಳೆದುಕೊಂಡ ಮನೆಗಳ ಮುಂದೆ ನಿಂತರು. ಹುಟ್ಟುಹಬ್ಬ ಎಂದರೆ ತನಗೇ ಭಯವಾಗುತ್ತಿದೆ, ಅಭಿಮಾನವನ್ನು ಹೀಗೆ ತೋರಿಸಬೇಡಿ, ಬ್ಯಾನರು ಕಟೌಟುಗಳೆಲ್ಲ ಬೇಡ ಎಂಬ ಅರ್ಥದ ಮಾತುಗಳನ್ನು ಅಲ್ಲಿ ಆಡಿದರು. ಆ ದಿನದ ಚಿತ್ರಗಳಲ್ಲಿ ಅವರ ಸುತ್ತ ಮತ್ತೆ ನೂಕುನುಗ್ಗಲು, ಮತ್ತೆ ಮೇಲೆತ್ತಿದ ಮೊಬೈಲುಗಳು. ಸಾವಿನ ಮನೆಗೆ ಸಾಂತ್ವನ ಹೇಳಲು ಹೋದವನಿಗೂ ಬರಿಯ ಮನುಷ್ಯನಾಗಿ ಹೋಗಲು ಸಾಧ್ಯವಾಗಲಿಲ್ಲ. ತಾನು ಹುಟ್ಟಿದ ದಿನ ಎಂಬ, ಎಲ್ಲರಿಗೂ ಇರುವ ಒಂದು ಸಣ್ಣ ಸಂತೋಷ ಒಬ್ಬನಿಗೆ ಭಯದ ದಿನವಾಗುವುದೆಂದರೆ ಎಂಥದು ಎಂದು ನಾವು ಊಹಿಸಿ ನೋಡಬೇಕು.

ಮತ್ತೆ ಚಿನ್ನಸ್ವಾಮಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 18ನೆಯ ಪ್ರಯತ್ನದಲ್ಲಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಆ 18 ವರ್ಷವೂ ಒಂದೇ ತಂಡಕ್ಕೆ ಆಡಿದ ಕೊಹ್ಲಿ ಕೊನೆಯ ಓವರಿನಲ್ಲೇ ಕಣ್ಣೊರೆಸಿಕೊಂಡರು. ಮಾರನೆಯ ದಿನ, ಒಂದೂಕಾಲು ವರ್ಷದ ಹಿಂದೆ ಅವರು ‘ಕಿಂಗ್’ ಅನ್ನಬೇಡಿ ಎಂದಿದ್ದ ಅದೇ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಎಳೆಯರೇ ಹೆಚ್ಚು. ಗೇಟು, ಪಾಸು, ಬಂದೋಬಸ್ತುಗಳಲ್ಲಿ ಯಾರು ತಪ್ಪಿದರು ಎಂಬುದು ಬೇರೆಯೇ ವಿಚಾರಣೆ. ನನ್ನ ಮನಸ್ಸು ನಿಂತಿರುವುದು, ಮಾತೇ ಹೊರಡುತ್ತಿಲ್ಲ ಎಂದು ಆಮೇಲೆ ಬರೆದ ಆ ಆಟಗಾರನ ಮೇಲೆ. ಬದುಕಿನುದ್ದಕ್ಕೂ ಕಾದ ಗೆಲುವನ್ನು ಇನ್ನು ಮುಂದೆ ನೆನೆಯುವಾಗಲೆಲ್ಲ ಅವರಿಗೆ ಆ ಗೇಟುಗಳೂ ನೆನಪಾಗಲೇಬೇಕು.

ಜನರ ಪ್ರೀತಿಯ ಈ ಎರಡು ಮುಖಗಳನ್ನು ಒಂದೇ ವರ್ಷದಲ್ಲಿ ಕಂಡು, ಆಮೇಲೆ ತನ್ನದೇ ದಾರಿ ಮಾಡಿಕೊಂಡವರು ನಮ್ಮ ಊರಿನವರೇ ಒಬ್ಬರಿದ್ದಾರೆ. 2007ರ ಮಾರ್ಚಿನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಇಲ್ಲಿ ಪ್ರತಿಕೃತಿಗಳು ಉರಿದವು, ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿಯ ಮನೆಗೆ ಕಲ್ಲು ಬಿತ್ತು. ಐದು ತಿಂಗಳು ಕಳೆಯುವಷ್ಟರಲ್ಲಿ ಅದೇ ದ್ರಾವಿಡ್ ಇಂಗ್ಲೆಂಡಿನಲ್ಲಿ 21 ವರ್ಷಗಳ ಬಳಿಕ ಭಾರತಕ್ಕೆ ಟೆಸ್ಟ್ ಸರಣಿ ಗೆದ್ದುಕೊಟ್ಟರು. ಜೈಕಾರಗಳ ನಡುವೆಯೇ, ಸೆಪ್ಟೆಂಬರಿನಲ್ಲಿ, ನಾಯಕತ್ವ ಬಿಟ್ಟರು. ಸೋತಾಗ ಬಿಡಲಿಲ್ಲ, ಗೆದ್ದು ಬಿಟ್ಟರು. ಬ್ಯಾಟು ಬಿಡಲಿಲ್ಲ. 164 ಟೆಸ್ಟ್‌ಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಟೆಸ್ಟ್ ಚರಿತ್ರೆಯಲ್ಲಿ ಅಷ್ಟು ಚೆಂಡು ಆಡಿದವರು ಇನ್ನೊಬ್ಬರಿಲ್ಲ. ಕ್ರೀಸಿನಲ್ಲಿ ಗಂಟೆಗಟ್ಟಲೆ ತಲೆ ತಗ್ಗಿಸಿ ನಿಲ್ಲುವುದೇ ಅವರಿಗೆ ಏಕಾಂತವಾಗಿತ್ತೇನೋ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು, ಸಂಶೋಧನೆ ಮಾಡಿಯೇ ಪಡೆಯುತ್ತೇನೆ ಎಂದು ವಿನಯದಿಂದ ಒಲ್ಲೆ ಎಂದರು. ಅದೇ ವರ್ಷ ಒಂದು ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳೊಂದಿಗೆ ಸಾಲಿನಲ್ಲಿ ನಿಂತ ಅವರ ಫೋಟೊ ಎಲ್ಲೆಡೆ ಓಡಾಡಿತು. ಆ ಫೋಟೊ ನನ್ನನ್ನು ಕಾಡುತ್ತದೆ. ಸಾಲಿನಲ್ಲಿ ನಿಲ್ಲುವುದರ ಮೂಲಕ ಅವರು ತನಗೊಂದು ಚೌಕಿ ಕಟ್ಟಿಕೊಂಡಿದ್ದರು. ಅದರ ಫೋಟೊ ತೆಗೆದು, ಹೊಗಳಿ, ನಾವು ಅದನ್ನೂ ರಂಗಸ್ಥಳ ಮಾಡಿಬಿಟ್ಟೆವು. 2021ರಲ್ಲಿ ಜಾಹೀರಾತೊಂದರಲ್ಲಿ ಅವರು ಬೆಂಗಳೂರಿನ ಟ್ರಾಫಿಕ್ ನಡುವೆ ಕಾರಿನಿಂದ ಮೇಲೆದ್ದು ಬ್ಯಾಟು ಬೀಸುತ್ತ, ಇಂದಿರಾನಗರದ ಗೂಂಡಾ ನಾನು ಎಂದು ಅಬ್ಬರಿಸಿದಾಗ ದೇಶವೇ ಖುಷಿಪಟ್ಟಿತು. ಸಿಟ್ಟು ಬರುವ ಹಕ್ಕನ್ನೂ ಆ ಮನುಷ್ಯನಿಗೆ ನಾವು ಕೊಟ್ಟಿರಲಿಲ್ಲವಲ್ಲ ಎಂದು ನನಗೆ ಆಗ ಅನಿಸಿತು.

ದೂರದ ದೇಶಗಳಲ್ಲೂ ಇದೇ ಕತೆ. ಜಪಾನಿನ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ 2018ರಲ್ಲಿ ನ್ಯೂಯಾರ್ಕಿನಲ್ಲಿ ಸೆರೆನಾ ವಿಲಿಯಮ್ಸ್ ಅವರನ್ನು ಸೋಲಿಸಿ ಮೊದಲ ಗ್ರ್ಯಾನ್‌ಸ್ಲಾಮ್ ಗೆದ್ದಾಗ ವಯಸ್ಸು 20. ಅಂಪೈರ್ ತೀರ್ಪುಗಳ ಗಲಾಟೆಯಿಂದ ಸಿಟ್ಟಾಗಿದ್ದ ಪ್ರೇಕ್ಷಕರು ಪ್ರಶಸ್ತಿ ಪ್ರದಾನದ ಹೊತ್ತಿನಲ್ಲಿ ಗೇಲಿ ಮಾಡಿ ಕೂಗುತ್ತಿದ್ದರು. ಗೆದ್ದ ಹುಡುಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತಳು. ಮೂರು ವರ್ಷದ ಬಳಿಕ ಫ್ರೆಂಚ್ ಓಪನ್‌ನಲ್ಲಿ, ಪಂದ್ಯ ಮುಗಿದೊಡನೆ ನಡೆಯುವ ಪತ್ರಿಕಾಗೋಷ್ಠಿಗೆ ಬರುವುದಿಲ್ಲ ಎಂದಳು. 15,000 ಡಾಲರ್ ದಂಡ ಬಿತ್ತು. ಟೂರ್ನಿಯನ್ನೇ ಬಿಟ್ಟು ಹೊರನಡೆದಳು, 2018ರ ಆ ಗೆಲುವಿನಿಂದೀಚೆಗೆ ಖಿನ್ನತೆ ಕಾಡುತ್ತಿದೆ ಎಂದು ತಿಳಿಸಿದಳು. ಪತ್ರಕರ್ತರ ಕೆಲಸವನ್ನು ನಾನು ಹಗುರ ಮಾಡಲಾರೆ. ಆದರೂ ಬೆವರು ಆರುವ ಮೊದಲೇ, ಸೋಲು ಇನ್ನೂ ಗಂಟಲಲ್ಲಿರುವಾಗಲೇ ದೀಪಗಳ ಮುಂದೆ ಕೂರಿಸುವುದೆಂದರೆ ಚೌಕಿಯ ಬಾಗಿಲು ಮುರಿದಂತೆಯೇ. ಅದೇ ವರ್ಷದ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ತನ್ನ ಮೈ ಎಲ್ಲಿದೆ ಎಂದೇ ತಿಳಿಯದಂತಾದಾಗ, ತಂಡದ ಫೈನಲ್‌ನಿಂದ ಹಿಂದೆ ಸರಿದಳು. 2024ರಲ್ಲಿ ಪ್ಯಾರಿಸಿಗೆ ಬಂದು ಮೂರು ಚಿನ್ನ ಗೆದ್ದಳು. ಹಿಂದೆ ಸರಿಯಲು ಬಿಟ್ಟದ್ದರಿಂದಲೇ ಮರಳಿ ಬರಲು ಆಯಿತು.

ಇಷ್ಟೆಲ್ಲ ಗದ್ದಲದ ಭಯವನ್ನು ಹೇಳಿದೆ. ಇದರ ಆಚೆಗೆ ಇನ್ನೊಂದು ಭಯ ಇದೆ, ಅದು ನಿಶ್ಶಬ್ದದ ಭಯ. ಕನ್ನಡ ಚಿತ್ರರಂಗ ‘ಮಿನುಗು ತಾರೆ’ ಎಂದು ಕರೆದದ್ದು ಒಬ್ಬರನ್ನೇ, ಕಲ್ಪನಾ. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಪುಟ್ಟಣ್ಣ ಕಣಗಾಲರ ಕಣ್ಣಿನಿಂದ ಅವರನ್ನು ನೋಡಿದ ಒಂದು ತಲೆಮಾರಿನ ಹೆಂಗಸರು ಅವರ ಸೀರೆ ಉಟ್ಟರು, ಅವರಂತೆ ತುಂಬುತೋಳಿನ ರವಿಕೆ ಹೊಲಿಸಿಕೊಂಡರು. ಸಿನಿಮಾ ಅವಕಾಶಗಳು ಕಡಿಮೆಯಾದಾಗ ಅವರು ಉತ್ತರ ಕರ್ನಾಟಕದ ನಾಟಕದ ಕ್ಯಾಂಪುಗಳಿಗೆ ಹೋದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರದ ಗೋಟೂರಿನ ಬಂಗಲೆಯಲ್ಲಿ ಸಾವು ಬಂತು. ನಲವತ್ತೂ ಆಗಿರಲಿಲ್ಲ. ಆ ಸಾವಿನ ಬಗ್ಗೆ ಬಂದ ಕತೆಗಳು ಬೇಕಾದಷ್ಟಿವೆ, ಅವನ್ನು ಇಲ್ಲಿ ಎತ್ತುವುದು ನನಗೆ ಇಷ್ಟವಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನೂಕುನುಗ್ಗಲಿನಿಂದ ತಪ್ಪಿಸಿಕೊಳ್ಳಲು ಹವಣಿಸುವ ತಾರೆಯೇ ಒಂದು ಬೆಳಿಗ್ಗೆ ಬಾಗಿಲು ತೆರೆದು ಅಂಗಳದಲ್ಲಿ ಯಾರೂ ಇಲ್ಲದ್ದನ್ನು ಕಂಡರೆ ಕಂಗಾಲಾಗುವುದು ಸುಳ್ಳೇನೂ ಅಲ್ಲ, ಆಷಾಢಭೂತಿತನವೂ ಅಲ್ಲ. ವರ್ಷಗಟ್ಟಲೆ ಜನರ ಕಣ್ಣನ್ನೇ ಕನ್ನಡಿ ಮಾಡಿಕೊಂಡವರಿಗೆ ಕನ್ನಡಿ ತೆಗೆದಾಗ ಮುಖವೇ ಕಾಣದು.

ರಾಜ್‌ಕುಮಾರ್ ಅವರ ಮಗ ಪುನೀತ್ ರಾಜ್‌ಕುಮಾರ್ ಅವರಿಗೆ ಆ ಕನ್ನಡಿ ಹಿಡಿದದ್ದು ಆರು ತಿಂಗಳ ಮಗುವಾಗಿದ್ದಾಗ, ‘ಪ್ರೇಮದ ಕಾಣಿಕೆ’ಯಲ್ಲಿ. ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಇನ್ನೂ ಶಾಲೆಯ ವಯಸ್ಸು. ಬಣ್ಣಕ್ಕೆ ಮುಂಚಿನ ಬದುಕು ಎಂಬುದು ಅವರಿಗೆ ಇರಲೇ ಇಲ್ಲ. ಆಮೇಲೆ, 1989ರ ‘ಪರಶುರಾಮ್’ನಿಂದ 2002ರ ‘ಅಪ್ಪು’ವರೆಗೆ, ತೆರೆಯಿಂದ ದೂರ ಉಳಿದ ಸುಮಾರು 13 ವರ್ಷ. ಹುಡುಗ ಗಂಡಸಾಗುವ ವರ್ಷಗಳು ಅವು. ತಂದೆಯ ಅಪಹರಣ ನಡೆದದ್ದೂ ಆ ಅವಧಿಯಲ್ಲೇ. ಮರಳಿ ಬಂದ ಮೇಲೆ ‘ಪವರ್ ಸ್ಟಾರ್’ ಆದರು. ಆದರೂ ಜನ ಕರೆದದ್ದು ಅಪ್ಪು ಎಂಬ ಮನೆಯ ಹೆಸರಿನಿಂದ. ಪಟ್ಟದ ಹೆಸರಿಗಿಂತ ಮನೆಯ ಹೆಸರು ಗಟ್ಟಿಯಾಗಿ ಉಳಿದದ್ದು ದೊಡ್ಡ ಭಾಗ್ಯವೆಂದೇ ನಾನು ಎಣಿಸುತ್ತೇನೆ.

2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಅವರು ಹೋದರು. 2006ರ ನೆನಪು ಎಲ್ಲರಿಗೂ ಇತ್ತು. ಕಂಠೀರವ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಹಗಲು ರಾತ್ರಿ ಸಾಲುಗಟ್ಟಿ ಬಂದರು, ನೋಡಿದರು, ಅತ್ತರು, ಮನೆಗೆ ಹೋದರು. 31ರ ಬೆಳಿಗ್ಗೆ, ನಗರ ಎಚ್ಚರಗೊಳ್ಳುವ ಹೊತ್ತಿಗೆ, ಕಂಠೀರವ ಸ್ಟುಡಿಯೊದಲ್ಲಿ ತಂದೆತಾಯಿಯ ಪಕ್ಕ ಮಣ್ಣು ಮಾಡಿದರು. ಈ ಸಲ ಮನೆಯವರಿಗೆ ಅಳಲು ಒಂದಿಷ್ಟು ಜಾಗ ಸಿಕ್ಕಿತ್ತು. ತಂದೆಯಂತೆ ಮಗನ ಕಣ್ಣುಗಳೂ ದಾನವಾದವು. ಅವರ ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನೇತ್ರದಾನಕ್ಕೆ ಹೆಸರು ಬರೆಸಲು ಮುಂದಿನ ವಾರಗಳಲ್ಲಿ ಜನ ಮುಗಿಬಿದ್ದರು. ಹದಿನೈದು ವರ್ಷದಲ್ಲಿ ಅದೇ ಅಭಿಮಾನ ಬೇರೆ ದಾರಿ ಕಂಡುಕೊಂಡಿತ್ತು.

ಸಾಯುವ ಮೊದಲು ಅವರು ವನ್ಯಜೀವಿ ಚಿತ್ರಗಳ ನಿರ್ದೇಶಕ ಅಮೋಘವರ್ಷ ಅವರೊಂದಿಗೆ ಕರ್ನಾಟಕದ ಕಾಡು, ನದಿ, ಕಡಲುಗಳನ್ನು ಸುತ್ತಿ ಒಂದು ಚಿತ್ರ ಮುಗಿಸಿದ್ದರು. ಹೆಸರು ‘ಗಂಧದಗುಡಿ’. 1973ರಲ್ಲಿ ಅದೇ ಹೆಸರಿನ ಚಿತ್ರದಲ್ಲಿ ತಂದೆ ಅರಣ್ಯಾಧಿಕಾರಿಯ ವೇಷ ಹಾಕಿದ್ದರು. 2000ದಲ್ಲಿ ವೇಷವಿಲ್ಲದೆ ಕಾಡಿನಲ್ಲಿ 108 ದಿನ ಒತ್ತೆಯಾಗಿದ್ದರು. ಮಗ ಕಾಡಿಗೆ ಹೋದದ್ದು ಯಾವ ಪಾತ್ರವೂ ಇಲ್ಲದೆ. ಹೊಡೆದಾಟವಿಲ್ಲ, ನಾಯಕನ ಪ್ರವೇಶಕ್ಕೆ ಹಿನ್ನೆಲೆ ಸಂಗೀತದ ಅಬ್ಬರವಿಲ್ಲ. ಬೆವರಿ, ನಡೆದು, ಸುಸ್ತಾಗಿ, ಪಕ್ಕದವನ ಜೊತೆ ತನ್ನ ಹೆಸರಿನಲ್ಲೇ ಹರಟುತ್ತ ಹೋಗುವ ಒಬ್ಬ ಮನುಷ್ಯ. 2022ರ ಅಕ್ಟೋಬರ್ 28ರಂದು ಚಿತ್ರ ಬಿಡುಗಡೆಯಾಯಿತು. ಬಣ್ಣ ಒರೆಸಿದ ಆ ಮುಖವನ್ನು ನಾವು ತೆರೆಯ ಮೇಲೆ ನೋಡಿದಾಗ ಅವರು ಹೋಗಿ 364 ದಿನಗಳಾಗಿದ್ದವು.